ಕಿಸ್ ಥರದ ಬ್ಯಾಂಡ್‌ಗಳ ಬಣ್ಣ ಒರೆಸಿದ್ರೆ ಒಳಗೆ ಹಾಡು ಇದ್ಯಾ?

ಕುಕ್ಕರಹಳ್ಳಿ_ವಾಕರ್, ಮೈಸೂರು

ಮೊದ್ಲೇ ಹೇಳ್ಬಿಡ್ತೀನಿ, ಪೋಸ್ಟ್ ಉದ್ದ ಇದೆ, ಟೈಮ್ ಇಲ್ದೋರು ಸೀದಾ ಕೊನೇ ಪ್ಯಾರಾಗೆ ಹೋಗಿ.

ಹೋದ ಭಾನುವಾರ ಅಕ್ಕನ ಮಗ ಮನೆಗೆ ಬಂದಿದ್ದ. ಇಂಜಿನಿಯರಿಂಗ್ ಎರಡನೇ ವರ್ಷ, ಗಿಟಾರ್ ಚೆನ್ನಾಗೇ ಬಾರಿಸ್ತಾನೆ, ಅದಕ್ಕೆ ತಕ್ಕಂಗೆ ಕೊಬ್ಬೂ ಇದೆ. ಅಟ್ಟದ ಮೇಲಿದ್ದ ನನ್ನ ಹಳೇ ಕ್ಯಾಸೆಟ್ ಡಬ್ಬ ಇಳಿಸಿ ಕೆದಕ್ತಾ ಕೂತಿದ್ದೋನು ಅಮೆರಿಕಾದ ರಾಕ್ ಬ್ಯಾಂಡ್ ಕಿಸ್‌ನ ಕ್ಯಾಸೆಟ್ ಒಂದನ್ನ ಸತ್ತ ಜಿರಳೆ ಎತ್ತೋ ಥರ ಎರಡು ಬೆರಳಲ್ಲಿ ಎತ್ತಿ ಹಿಡ್ದು "ಮಾಮ, ಇದು ನಿಂದಾ" ಅಂದ. ನಂದೇ ಕಣಪ್ಪ ಅಂದೆ. "ಇದು ಬ್ಯಾಂಡಲ್ಲ ಮಾಮ, ಸರ್ಕಸ್ಸು" ಅಂದ್ಬಿಟ್ಟ. ಅಲ್ಲಿಂದ ಶುರುವಾಗಿದ್ದು ಬಡಿಸಿಟ್ಟ ಅನ್ನ ತಣ್ಣಗಾದ್ರೂ ಮುಗೀಲಿಲ್ಲ, ಅಕ್ಕ ಬಂದು ಇಬ್ರಿಗೂ ಸೇರ್ಸಿ ಬೈದ್ಲು.

ನನ್ನ ಕಥೆ ಏನಪ್ಪ ಅಂದ್ರೆ, ತೊಂಬತ್ತೆರಡೋ ತೊಂಬತ್ಮೂರೋ ಇರ್ಬೇಕು, ಕುವೆಂಪುನಗರದಲ್ಲಿ ಫ್ರೆಂಡ್ ರೂಮಿನ ಗೋಡೆ ಮೇಲೆ ಅವ್ರ ಪೋಸ್ಟರ್ ಇತ್ತು. ಬಿಳಿ ಬಳ್ಕೊಂಡ ನಾಲ್ಕು ಮುಖ, ಒಬ್ಬ ಬೆಕ್ಕು, ಒಬ್ಬನ ಕಣ್ಣ ಮೇಲೆ ನಕ್ಷತ್ರ, ಒಬ್ಬ ಆಕಾಶದಿಂದ ಇಳಿದೋನ ಥರ, ಇನ್ನೊಬ್ಬ ಜೀನ್ ಸಿಮನ್ಸ್ ಮೊಳದುದ್ದ ನಾಲ್ಗೆ ಚಾಚ್ಕೊಂಡು. ಹಾಡು ಕೇಳೋಕೆ ಮುಂಚೆ ತಿಂಗಳುಗಟ್ಲೆ ಬರೀ ಪೋಸ್ಟರ್ ನೋಡಿದ್ದೀನಿ, ಇವ್ರ ಮ್ಯೂಸಿಕ್ ಹೆಂಗಿರ್ಬೋದು ಅಂತ ತಲೇಲಿ ನಾನೇ ಒಂದು ಕಟ್ಕೊಂಡಿದ್ದೆ, ಸ್ಮಶಾನ, ಗುಡುಗು, ಅಮಾವಾಸ್ಯೆ ರಾತ್ರಿ ಆ ಥರ. ಕೊನೆಗೆ ಕ್ಯಾಸೆಟ್ ಸಿಕ್ತು, ಹಾಕಿದ್ರೆ ಕಾಲೇಜ್ ಡೇ ಹಾಡು! ಕುಣೀರಿ, ಮಜಾ ಮಾಡ್ರಿ, ಹುಡ್ಗೀರು, ಅಷ್ಟೇ. ಹುಲಿವೇಷ ಹಾಕ್ಕೊಂಡು ಬಂದು ಹ್ಯಾಪಿ ಬರ್ತ್‌ಡೇ ಹೇಳಿದಂಗೆ. ಆದ್ರೂ ಆ ಕ್ಯಾಸೆಟ್ ಸವೆಯೋವರ್ಗೂ ಕೇಳಿದೀನಿ, ಸುಳ್ಳು ಯಾಕೆ ಹೇಳ್ಲಿ.

ಈಗ ಹುಡುಗನ ವಾದ. 1974 ಫೆಬ್ರವರಿಯಿಂದ 1975 ಮಾರ್ಚ್ ಒಳಗೆ ಮೂರು ಆಲ್ಬಂ ತಂದ್ರು, ಯಾವುದೂ ಹೇಳ್ಕೊಳ್ಳೋ ಹಂಗೆ ಓಡ್ಲಿಲ್ಲ. ಅದೇ ಹಾಡುಗಳನ್ನ ಸ್ಟೇಜ್ ಮೇಲೆ ಬಾರಿಸಿದ್ದನ್ನ ಸೇರ್ಸಿ ಅದೇ ವರ್ಷ ಸೆಪ್ಟೆಂಬರಲ್ಲಿ 'ಅಲೈವ್!' ಅಂತ ಡಬಲ್ ಆಲ್ಬಂ ಬಿಟ್ರು, ಅದು ಸಿಕ್ಕಾಪಟ್ಟೆ ಹಿಟ್. ಅಂದ್ರೆ ಹಾಡು ಅದೇ, ಜನರ ಕೂಗು ಪಟಾಕಿ ಸದ್ದು ಜಾಸ್ತಿ ಆಗಿದ್ದಷ್ಟೇ ಅಂತಾನೆ. ಅದೂ ಸಾಲ್ದು ಅಂತ, ಆ ಲೈವ್ ಕೂಡ ಪೂರ್ತಿ ಲೈವ್ ಅಲ್ವಂತೆ, ತಪ್ಪಿದ ಜಾಗ ಎಲ್ಲ ಆಮೇಲೆ ಸ್ಟುಡಿಯೋಲಿ ಕೂತು ಮತ್ತೆ ಬಾರಿಸಿ ತುಂಬಿದ್ರು ಅಂತ ಪ್ರೊಡ್ಯೂಸರ್ ಎಡ್ಡಿ ಕ್ರೇಮರ್ರೇ ಒಪ್ಕೊಂಡಿದ್ದಾರೆ. ಇದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ರಾತ್ರಿ ಎಲ್ರೂ ಮಲಗಿದ್ಮೇಲೆ ಹೆಡ್‌ಫೋನ್ ಹಾಕ್ಕೊಂಡು ಆ ಮೊದಲ ಮೂರು ಆಲ್ಬಂ ಕೇಳ್ದೆ. ನೀರ್ಸಾರು ಕಣ್ರಿ. ಹುಡುಗಂಗೆ ಇದನ್ನ ಹೇಳಿಲ್ಲ.

ಪ್ರಶ್ನೆ ಇಷ್ಟೇ. ವೇಷ, ಬೆಂಕಿ, ಹೊಗೆ ಇದೆಲ್ಲ ಹಾಡಿನ ಬಡತನ ಮುಚ್ಚೋಕೆ ಇರೋದಾ? ಹಂಗಾದ್ರೆ ಪಿಂಕ್ ಫ್ಲಾಯ್ಡ್ ಬ್ಯಾಂಡಿನೋರು ಸ್ಟೇಜ್ ಮೇಲೆ ಗೋಡೆ ಕಟ್ಟಿದಾಗ, ಜೆನೆಸಿಸ್ ಬ್ಯಾಂಡಿನ ಹಾಡುಗಾರ ಪೀಟರ್ ಗೇಬ್ರಿಯಲ್ ನರಿ ತಲೆ ಹಾಕ್ಕೊಂಡು ಬಂದಾಗ ನಾವ್ಯಾಕೆ ಆಹಾ ಓಹೋ ಅಂತೀವಿ? ಗೆರೆ ಎಲ್ಲಿ ಎಳೀತೀರಾ?

ಹಾರ್ಮೋನಿಯಂ_ಮೇಷ್ಟ್ರ_ಮಗ, ಪಾಂಡವಪುರ

ಅಣ್ಣೋ, ಕಿಸ್ ಬ್ಯಾಂಡು ನಮ್ಮೂರಿಗೆ ವರ್ಷವರ್ಷಾನೂ ಬತ್ತದೆ ಕಣಣ್ಣ. ಕುರುಕ್ಷೇತ್ರ ನಾಟಕ ಅಂತ ಕರೀತೀವಿ.

ತಮಾಷೆಗಲ್ಲ, ಕೇಳಿ. ನಮ್ ಮಂಡ್ಯ ಕಡೆ ಗೊತ್ತಿಲ್ದೋರಿಗೆ ಹೇಳ್ತೀನಿ, ಇಲ್ಲಿ ಪಾರ್ಟ್ ಮಾಡೋರೇ ದುಡ್ ಕೊಟ್ಟು ಪಾರ್ಟ್ ತಗೋತಾರೆ, ದುರ್ಯೋಧನಂಗೂ ಕೃಷ್ಣಂಗೂ ರೇಟ್ ಜಾಸ್ತಿ, ಸೈನಿಕಂಗೆ ಕಮ್ಮಿ. ಮೂರ್ನಾಕ್ ತಿಂಗ್ಳು ರಾತ್ರಿ ಹೊತ್ತು ಪ್ರಾಕ್ಟೀಸು, ಬೆಳಿಗ್ಗೆ ಕಬ್ಬಿನ ಗದ್ದೆಲಿ ಇದ್ದೋನು ರಾತ್ರಿ ಭೀಮ. ಹಾರ್ಮೋನಿಯಂ ಮೇಷ್ಟ್ರು ಒಂದೊಂದ್ ಪದ್ಯಾನೂ ಅವ್ರ ಬಾಯಿಗೆ ಕೂರಿಸ್ಬೇಕು. ನಮ್ಮಪ್ಪ ನಲವತ್ ವರ್ಷ ಇದೇ ಮಾಡಿದ್ದು.

ಒಂದ್ಸಲ ಏನಾಯ್ತು ಅಂದ್ರೆ ದುರ್ಯೋಧನನ ಪಾರ್ಟ್ ತಗಂಡಿದ್ದೋನು ಸ್ವಲ್ಪ ದುಡ್ಡಿರೋ ಆಸಾಮಿ, ಕಿರೀಟಕ್ಕೆ ಸೀರಿಯಲ್ ಬಲ್ಬ್ ಹಾಕಿಸ್ಕಂಡ್ ಬಂದವ್ನೆ. ಸೊಂಟದ ಪಟ್ಟಿ ಒಳ್ಗೆ ಬ್ಯಾಟ್ರಿ. ಎಂಟ್ರಿ ಟೈಮ್ಗೆ ಅವನ ಕಡೆಯೋರು ಸಾವಿರದ್ ಸರ ಹಚ್ಚವ್ರೆ, ಸ್ಟೇಜ್ ತುಂಬ ಹೊಗೆ, ಯಾರೋ ಬಂದು ನೋಟಿನ ಹಾರ ಬೇರೆ ಹಾಕ್ಬುಟ್ರು. ಇವ್ನು ಗದೆ ಹೆಗಲ್ ಮೇಲೆ ಇಟ್ಕಂಡು ಪದ್ಯ ಎತ್ತೋಕೆ ಬಾಯ್ ತೆಗುದ್ರೆ ಹೊಗೆ ಒಳಕ್ಕೋಯ್ತು, ಕೆಮ್ಮು, ಶ್ರುತಿ ಎಲ್ಲೋ ಇವ್ನೆಲ್ಲೋ. ನಾನ್ ಪಕ್ಕದಲ್ಲೇ ಕೂತು ತಾಳ ಹಾಕ್ತಿದ್ದೆ, ಅಪ್ಪನ ಕೈನೇ ನೋಡ್ತಿದ್ದೆ. ಅಪ್ಪ ನಿಲ್ಲಿಸ್ಲಿಲ್ಲ. ಕಿರುಬೆರಳಲ್ಲಿ ಷಡ್ಜ ಒತ್ತಿ ಹಿಡ್ಕಂಡು, ಎಡಗೈಲಿ ಗಾಳಿ ಜೋರಾಗ್ ಹೊಡ್ಕಂಡು, ಮಿಕ್ಕಿದ್ ಬೆರಳಲ್ಲಿ ಆ ಪದ್ಯದ ಮೊದಲ್ನೇ ಸಾಲ ತಿರುಗ್ಸಿ ತಿರುಗ್ಸಿ ನುಡಿಸ್ತಾನೇ ಇದ್ರು, ಬಾರಯ್ಯ ಬಾರಯ್ಯ ಅಂತ ಕರೆದಂಗೆ. ಅರ್ಧ ನಿಮ್ಷ ಆಗಿರ್ಬೇಕು, ಅವ್ನು ಉಸಿರ್ ತಗಂಡು ಸರಿಯಾಗಿ ಅಲ್ಲೇ ಬಂದ್ ಕೂತ್ಕಂಡ. ಜನ ಇದೂ ನಾಟಕದಲ್ಲಿ ಇರೋದೇ ಅಂದ್ಕಂಡು ಶಿಳ್ಳೆ ಹೊಡ್ದು ಒನ್ಸ್ ಮೋರ್ ಅಂದ್ರು! ಬೆಳಿಗ್ಗೆ ಟೀ ಅಂಗ್ಡಿಲಿ ಎಲ್ರ ಬಾಯಲ್ಲೂ ಬಲ್ಬಿನ ಮಾತೇ.

ಅದಕ್ಕೇ ಸಿಮನ್ಸ್ ಸೀಮೆಎಣ್ಣೆ ಬಾಯಿಗ್ ಹಾಕಂಡು ಬೆಂಕಿ ಉಗುಳ್ಬೇಕಾದ್ರೆ ನಾನು ಅವನ್ನ ನೋಡಾಕಿಲ್ಲ, ಅವನ ಬಾಸ್ ಗಿಟಾರ್ ಆವಾಗ ಹೆಂಗೂ ಸುಮ್ನೆ ನೇತಾಡ್ತಿರ್ತದೆ, ಅವ್ರ ಗಿಟಾರಿಸ್ಟ್ ಏಸ್ ಫ್ರೇಲಿ ಏನ್ ಬಾರಿಸ್ತವ್ನೆ ಅಂತ ಕೇಳ್ತೀನಿ. ಫ್ರೇಲಿ ಸೋಲೋ ಚಿಕ್ಕವು, ಆದ್ರೆ ಒಂದೊಂದೂ ಬಾಯಲ್ಲಿ ಗುನುಗ್ಬೋದು. ಅಷ್ಟು ಸಾಕಪ್ಪ ನಂಗೆ. ಅಂದಂಗೆ 1973 ಡಿಸೆಂಬರ್ 31ರ ರಾತ್ರಿ ನ್ಯೂಯಾರ್ಕಲ್ಲಿ ಬೆಂಕಿ ಉಗುಳಾಕೋಗಿ ಸಿಮನ್ಸ್ ತಲೆಗೂದ್ಲಿಗೇ ಹತ್ಕಂಡಿತ್ತು. ನಮ್ಮೋನ್ ಕಿರೀಟ ಪುಣ್ಯಕ್ಕೆ ಶಾರ್ಟ್ ಆಗ್ಲಿಲ್ಲ.

ಬಾಸ್_ಬಾರಿಸೋನು, ಸರಸ್ವತೀಪುರಂ

ಮೇಷ್ಟ್ರ ಮಗ ಅವ್ರೇ ಸೂಪರ್. ನಾನೂ ಅದೇ ಪಾಯಿಂಟಿಗೆ ಬರ್ತೀನಿ, ಸ್ವಲ್ಪ ಸುತ್ಕೊಂಡು.

ಪೀಟರ್ ಗೇಬ್ರಿಯಲ್ ಕೇಸ್ ತಗೊಳ್ಳಿ. ಜೆನೆಸಿಸ್ ಅವ್ರು ಹನ್ನೆರಡು ತಂತಿ ಗಿಟಾರ್ ತುಂಬ ಬಳಸ್ತಿದ್ರು, ಅದನ್ನ ಶ್ರುತಿ ಮಾಡೋಕೆ ಎಷ್ಟೊತ್ತು ಹಿಡಿಯುತ್ತೆ ಅಂತ ಮಾಡಿದೋರಿಗೇ ಗೊತ್ತು, ಹಾಡು ಹಾಡಿನ ಮಧ್ಯೆ ಉಳಿದೋರು ತಲೆ ಬಗ್ಗಿಸ್ಕೊಂಡು ಕಿವಿ ತಿರುವ್ತಾ ಕೂತಿರೋರು, ಜನ ಆಕಳಿಸೋರು. ಆ ಹೊತ್ತು ತುಂಬೋಕೆ ಗೇಬ್ರಿಯಲ್ ವಿಚಿತ್ರ ವಿಚಿತ್ರ ಕಥೆ ಹೇಳೋಕೆ ಶುರು ಮಾಡಿದ್ದು. ಕಥೆ ಆದ್ಮೇಲೆ ವೇಷ. 1972ರಲ್ಲಿ ಡಬ್ಲಿನ್‌ನಲ್ಲಿ ಬ್ಯಾಂಡಿನೋರಿಗೂ ಹೇಳ್ದೆ ಹೆಂಡ್ತಿಯ ಕೆಂಪು ಗೌನು ಹಾಕ್ಕೊಂಡು ನರಿ ತಲೆ ಇಟ್ಕೊಂಡು ಬಂದ್ಬಿಟ್ಟ. ಅಂದ್ರೆ ಅಲ್ಲಿ ವೇಷ ಹುಟ್ಟಿದ್ದು ಮ್ಯೂಸಿಕ್ಕಿನ ಒಂದು ತಾಪತ್ರಯದಿಂದ, ಅದಕ್ಕೇ ಅದು ಅಂಟ್ಕೊಂಡಿತು.

ಆದ್ರೆ ಅದೇ ಮನುಷ್ಯ ಎರಡು ವರ್ಷ ಆದ್ಮೇಲೆ 'ದ ಲ್ಯಾಂಬ್ ಲೈಸ್ ಡೌನ್ ಆನ್ ಬ್ರಾಡ್‌ವೇ' ಟೂರಲ್ಲಿ ಮೈತುಂಬ ಗೆಡ್ಡೆ ಗೆಡ್ಡೆ ಇರೋ ಸ್ಲಿಪ್ಪರ್‌ಮನ್ ಅನ್ನೋ ವೇಷ ಹಾಕ್ಕೊಂಡ. ಮೈಕು ಬಾಯಿ ಹತ್ರಕ್ಕೇ ಹೋಗ್ತಿರ್ಲಿಲ್ಲ! ಹಾಡೋದು ಯಾರಿಗೂ ಸರಿಯಾಗಿ ಕೇಳ್ತಿರ್ಲಿಲ್ಲ. ನನ್ನ ಗೆರೆ ಇಲ್ಲೇ ಸಾರ್, ಮೈಕಿಗೂ ಬಾಯಿಗೂ ಮಧ್ಯೆ ವೇಷ ಬಂದ ಜಾಗ. 1975ರಲ್ಲಿ ಅವ್ನು ಬ್ಯಾಂಡ್ ಬಿಟ್ಟ, ಹಿಂದೆ ಡ್ರಮ್ಸ್ ಬಾರಿಸ್ತಿದ್ದ ಫಿಲ್ ಕಾಲಿನ್ಸ್ ಮುಂದೆ ಬಂದು ಯಾವ ನರಿ ತಲೇನೂ ಇಲ್ದೆ ಹಾಡ್ದ, ಬ್ಯಾಂಡ್ ಇನ್ನೂ ದೊಡ್ಡದಾಯ್ತು. ಹಾಡು ಇತ್ತು ಅಂತ ಆಯ್ತಲ್ಲ.

ಕ್ವೀನ್ ಬ್ಯಾಂಡ್ ಇನ್ನೊಂಥರ. ಅವ್ರ 'ಬೊಹೀಮಿಯನ್ ರಾಪ್ಸೊಡಿ' ಹಾಡಿನ ಮಧ್ಯದ ಒಪೆರಾ ಭಾಗ ಸ್ಟುಡಿಯೋಲಿ ಧ್ವನಿ ಮೇಲೆ ಧ್ವನಿ ಪೇರಿಸಿ ಮಾಡಿದ್ದು, ನಾಲ್ಕು ಜನ ಸ್ಟೇಜ್ ಮೇಲೆ ಹಾಡೋಕೆ ಸಾಧ್ಯಾನೇ ಇಲ್ಲ. ಹಾಡೋ ಥರ ಬಾಯಿ ಆಡಿಸ್ಬೋದಿತ್ತು. ಅವ್ರು ಮಾಡಿದ್ದೇನು ಅಂದ್ರೆ ಟೇಪ್ ಹಾಕಿ, ಲೈಟ್ ಬಿಟ್ಟು, ಸ್ಟೇಜಿಂದಲೇ ಇಳಿದು ಹೋಗ್ಬಿಡೋದು. ರಾಕ್ ಭಾಗ ಶುರುವಾದಾಗ ಧಡ್ ಅಂತ ವಾಪಸ್. ಇದಕ್ಕಿಂತ ನಿಯತ್ತಿನ ಶೋಮನ್‌ಶಿಪ್ ನಾನಂತೂ ನೋಡಿಲ್ಲ.

ಗೋಡೆ ವಿಷ್ಯ ಕೇಳಿದ್ರಲ್ಲ. ಪಿಂಕ್ ಫ್ಲಾಯ್ಡ್ ಅದನ್ನ 1980-81ರಲ್ಲಿ 31 ಶೋ ಅಷ್ಟೇ ಮಾಡಿದ್ದು, ಸುಮಾರು 40 ಅಡಿ ಎತ್ತರ, ರಟ್ಟಿನ ಇಟ್ಟಿಗೆ. ಮೊದಲರ್ಧ ಮುಗಿಯೋಷ್ಟ್ರಲ್ಲಿ ಬ್ಯಾಂಡ್ ಪೂರ್ತಿ ಮುಚ್ಚಿಹೋಗುತ್ತೆ, ಇಂಟರ್ವಲ್ ಆದ್ಮೇಲೆ ಮೊದಲ್ನೇ ಹಾಡು ಗೋಡೆ ಹಿಂದಿಂದ್ಲೇ. ದುಡ್ ಕೊಟ್ಟು ಬಂದೋರು ಬರೀ ಬಿಳೀ ಗೋಡೆ ನೋಡ್ಕೊಂಡು ಹಾಡು ಕೇಳ್ಬೇಕು. ಅಷ್ಟು ಖರ್ಚು ಮಾಡಿ ಕೊನೆಗೆ ನೋಡೋಕೆ ಏನೂ ಇಲ್ದಂಗೆ ಮಾಡೋದಿದ್ಯಲ್ಲ, ಅದಕ್ಕೆ ಹಾಡಿನ ಮೇಲೆ ಎಂಥ ನಂಬಿಕೆ ಇರ್ಬೇಕು.

ನಿವೃತ್ತ_ವಿವಿ_ಮೊಹಲ್ಲಾ

ಎಲ್ಲರ ಮಾತೂ ಓದಿದೆ. ನೀವೆಲ್ಲ ಸೇರಿ ವೇಷಕ್ಕೆ ವಕಾಲತ್ತು ವಹಿಸುತ್ತಿದ್ದೀರಿ. ನನಗೆ ಒಪ್ಪಿಗೆಯಿಲ್ಲ.

ಇದೇ ಊರಿನ ಜಯಚಾಮರಾಜ ಒಡೆಯರು ಲಂಡನ್ನಿನಲ್ಲಿದ್ದ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಸ್ವಂತ ಹಣದಿಂದ ಎಚ್‌ಎಂವಿಯಲ್ಲಿ ರೆಕಾರ್ಡ್ ಮಾಡಿಸಿದರು. ಆ ವಯಸ್ಸಾದ ಮನುಷ್ಯ ಪಿಯಾನೋ ಮುಂದೆ ಕೂತು ನುಡಿಸಿದ್ದಷ್ಟೇ, ಬೆಂಕಿಯೂ ಇಲ್ಲ ನಾಲಿಗೆಯೂ ಇಲ್ಲ. ತನ್ನ ಮೂರನೇ ಪಿಯಾನೋ ಕನ್ಸರ್ಟೋವನ್ನು ಅವರು ನಮ್ಮ ಮಹಾರಾಜರಿಗೇ ಅರ್ಪಿಸಿದ್ದಾರೆ. ನಮ್ಮ ಎಂಟನೇ ಕ್ರಾಸ್ ಗಣಪತಿ ಹಬ್ಬದ ಸಂಗೀತ ಕಛೇರಿಗೆ ಬನ್ನಿ, ಜನ ರಸ್ತೆಯಲ್ಲಿ ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚಿ ಕೇಳುತ್ತಾರೆ.

ರಾಕ್ ಕೇಳದವನೇನಲ್ಲ ನಾನು. ಯೆಸ್ ಬ್ಯಾಂಡಿನ ಎಲ್ಲ ಎಲ್‌ಪಿಗಳೂ ಮನೆಯಲ್ಲಿವೆ. ಅವರು ನುಡಿಸುತ್ತಾರೆ, ಕುಣಿಯುವುದಿಲ್ಲ. 1967ರಲ್ಲಿ ಅಮೆರಿಕಾದ ಮಾಂಟೆರೆಯಲ್ಲಿ ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್ ತನ್ನ ಗಿಟಾರಿಗೆ ಬೆಂಕಿ ಇಟ್ಟನಲ್ಲ, ಹಾಳಾಗಿದ್ದು ಅಲ್ಲಿಂದ. ಸರಸ್ವತಿಗೆ ಬೆಂಕಿ ಹಚ್ಚುವುದೇ?

ಬಾಸ್_ಬಾರಿಸೋನು, ಸರಸ್ವತೀಪುರಂ

ಸಾರ್ ಗೌರವ ಇಟ್ಕೊಂಡೇ ಹೇಳ್ತೀನಿ, ಯೆಸ್ ಬ್ಯಾಂಡಿನ ರಿಕ್ ವೇಕ್‌ಮನ್ ಹೊಳೆಯೋ ಉದ್ದ ನಿಲುವಂಗಿ ಹಾಕ್ಕೊಂಡು ಕೀಬೋರ್ಡ್ ಗೋಡೆ ಮಧ್ಯೆ ಮಾಂತ್ರಿಕನ ಥರ ನಿಲ್ತಿದ್ದದ್ದು ನಿಮ್ಮ ಎಲ್‌ಪಿ ಒಳಗಡೆ ಕಾಣ್ಸಲ್ಲ ಅಷ್ಟೇ 😄

ಅದು ಬಿಡಿ. 1973ರಲ್ಲಿ ಅವ್ರು ಡಬಲ್ ಆಲ್ಬಂ ಒಂದು ತಂದ್ರು, ನಾಲ್ಕು ಸೈಡಿಗೆ ನಾಲ್ಕೇ ಹಾಡು. ಅದನ್ನ ಮ್ಯಾಂಚೆಸ್ಟರ್‌ನಲ್ಲಿ ಬಾರಿಸ್ಬೇಕಾದ್ರೆ ವೇಕ್‌ಮನ್‌ಗೇ ಬೋರ್ ಹೊಡ್ದು, ಕೀಬೋರ್ಡ್ ಮೇಲೆ ಕರಿ ಇಟ್ಕೊಂಡು ಊಟ ಮಾಡ್ದ, ಸ್ಟೇಜ್ ಮೇಲೇ! ಶೋ ಆದ್ಮೇಲೆ ಏನ್ ತಿಂತೀಯ ಅಂತ ಸಹಾಯಕ ಕೇಳಿದ್ದಕ್ಕೆ ಹೇಳಿದ್ದಂತೆ, ಅವ್ನು ಆಗ್ಲೇ ತಂದ್ಕೊಟ್ನಂತೆ. ನನಗೆ ಇದ್ರಿಂದ ಅನ್ಸಿದ್ದು, ಇಪ್ಪತ್ತು ನಿಮಿಷದ ಹಾಡು, ಅರ್ಧ ಗಂಟೆ ಡ್ರಮ್ ಸೋಲೋ, ಇವೂ ಒಂಥರ ಕಿರೀಟದ ಬಲ್ಬೇ. ನಾನೆಷ್ಟು ಕಷ್ಟದ್ದು ಬಾರಿಸ್ತೀನಿ ನೋಡಿ ಅನ್ನೋ ವೇಷ. ಕಾಲೇಜ್ ಫೆಸ್ಟಲ್ಲಿ ನಾನೂ ಹಾಕಿದೀನಿ ಆ ವೇಷ, ಏಳು ನಿಮಿಷ ಬಾಸ್ ಸೋಲೋ, ಮುಂದಿನ ಸಾಲಿನೋರು ಎದ್ದು ಚುರುಮುರಿ ತರೋಕೆ ಹೋದ್ರು.

ಎಸಿ ಡಿಸಿ ಬ್ಯಾಂಡ್ ನೋಡಿ ಬೇಕಾದ್ರೆ. ಗಿಟಾರಿಸ್ಟ್ ಆಂಗಸ್ ಯಂಗ್ ಸ್ಕೂಲ್ ಯೂನಿಫಾರಂ ಚಡ್ಡಿ ಹಾಕ್ಕೊಂಡು ಸ್ಟೇಜ್ ತುಂಬ ಓಡಾಡ್ತಾನೆ, ಎಲ್ಲ ಕಣ್ಣೂ ಅವನ ಮೇಲೆ. ಹಿಂದೆ ಆಂಪ್ಲಿಫೈಯರ್ ಪಕ್ಕ ಅಣ್ಣ ಮಾಲ್ಕಂ ನಿಂತಿರ್ತಿದ್ದ (2017ರಲ್ಲಿ ತೀರ್ಕೊಂಡ), ಬನಿಯನ್ ಜೀನ್ಸು, ಒಂದು ಕಾಲು ಕುಣಿತಿರ್ತಿತ್ತು ಅಷ್ಟೇ. ಅವನ ಗ್ರೆಚ್ ಗಿಟಾರ್ ಪೇಂಟ್ ಕೆರೆದು, ತಂತಿ ಸದ್ದು ಹಿಡಿಯೋ ಪಿಕಪ್‌ಗಳನ್ನ ಕಿತ್ತಾಕಿ ಒಂದೇ ಒಂದು ಉಳಿಸ್ಕೊಂಡಿದ್ದ. ಪಾಂಡವಪುರದೋರ ತಂದೆ ಕಿರುಬೆರಳು ಅಂದ್ರಲ್ಲ, ಆ ಬ್ಯಾಂಡಿನ ಕಿರುಬೆರಳು ಮಾಲ್ಕಂ ಆಗಿದ್ದ.

ತಿರುಮಕೂಡಲು_ಸಂಗಮ

ನಿವೃತ್ತ ಸಾರ್, ಒಂದೇ ಮಾತು. ನಮ್ಮೂರಿನ ಚೌಡಯ್ಯನೋರು ಪಿಟೀಲಿಗೆ ಏಳು ತಂತಿ ಕಟ್ಟಿದ್ರು. ಮೈಕ್ ಇಲ್ದಿದ್ದ ಕಾಲ, ಹಿಂದ್ಗಡೆ ಸಾಲಿನೋರಿಗೆ ಕೇಳ್ಲಿ ಅಂತ. ಸುಮ್ನೆ ನೋಡಿದೋರಿಗೆ ಅದೂ ಗಿಮಿಕ್ಕೇ.

ನಿವೃತ್ತ_ವಿವಿ_ಮೊಹಲ್ಲಾ

ಚೌಡಯ್ಯನವರನ್ನು ಜೀನ್ ಸಿಮನ್ಸ್ ಪಕ್ಕದಲ್ಲಿ ಕೂರಿಸಿದ ಪಾಪ ನಿಮಗೇ ಇರಲಿ. ಏಳು ತಂತಿ ನಾದಕ್ಕಾಗಿ ಕಟ್ಟಿದ್ದು. ಆದರೂ ಪಾಯಿಂಟ್ ಇದೆ, ಒಪ್ಪಿದೆ. ಕರಿ ತಿಂದ ವಿಚಾರ ಮಾತ್ರ ಓದಿ ಬೇಸರವಾಯಿತು.

ಗೋಕುಲಂ_ಅಮ್ಮಣ್ಣಿ

ಯಾರೂ ಮೇಡನ್ ಹೆಸರೇ ಎತ್ತಿಲ್ವಲ್ಲ!! 2007 ಮಾರ್ಚ್ 17, ಬೆಂಗಳೂರು ಪ್ಯಾಲೇಸ್ ಗ್ರೌಂಡ್ಸು, ಐರನ್ ಮೇಡನ್. ನಾನಾಗ ಡಿಗ್ರಿ, ಅಣ್ಣನ್ನ ಕಾಡಿ ಬೇಡಿ ಕರ್ಕೊಂಡು ಹೋಗಿದ್ದು, ಅಮ್ಮಂಗೆ ಅತ್ತೆ ಮನೇಲಿ ಇರ್ತೀವಿ ಅಂತ ಹೇಳಿ. ನನಗೆ ಆ ಬ್ಯಾಂಡ್ ಅಂದ್ರೆ ಎಡ್ಡಿ, ಅದೇ ಅವ್ರ ಆಲ್ಬಂ ಕವರ್ ಮೇಲೆಲ್ಲ ಇರೋ ಹೆಣದ ಮುಖದ ಬೊಂಬೆ. ಟಿ ಶರ್ಟಲ್ಲೂ ಅವ್ನೇ. ಅವನ್ನ ನೋಡೋಕೇ ಹೋಗಿದ್ದು ಅಂದ್ರೂ ತಪ್ಪಿಲ್ಲ.

ಅಲ್ಲಿ ಹೋದ್ಮೇಲೆ ಧೂಳು, ನೂಕುನುಗ್ಗಲು, ನಾನು ಐದಡಿ ಒಂದಿಂಚು, ಮುಂದೆ ನಿಂತಿದ್ದೋರ ಬೆನ್ನು ಬಿಟ್ಟು ಏನೂ ಕಾಣ್ತಿರ್ಲಿಲ್ಲ. ಆದ್ರೆ ಸ್ಟೀವ್ ಹ್ಯಾರಿಸ್ ಬಾಸ್ ಇದ್ಯಲ್ಲ, ಅವ್ರು ಪಿಕ್ ಬಳಸಲ್ಲ ಬೆರಳಲ್ಲೇ ಬಾರಿಸ್ತಾರೆ, ಆ ಕುದುರೆ ಓಟದ ಟಗಡಿಕ್ ಟಗಡಿಕ್ ಪಕ್ಕೆಲುಬಿಗೇ ಬಂದು ಹೊಡೀತಿತ್ತು. ಬೆಳಗಿನ ಜಾವ ಸ್ಯಾಟಲೈಟ್ ಬಸ್ ಸ್ಟ್ಯಾಂಡಲ್ಲಿ ಮೈಸೂರು ಬಸ್ಸಿಗೆ ಕಾಯ್ತಾ ಕಬ್ಬಿಣದ ಬೆಂಚ್ ಮೇಲೆ ಎರಡು ಬೆರಳಲ್ಲಿ ಅದನ್ನೇ ಕುಟ್ತಾ ಕೂತಿದ್ದೆ, ಪಕ್ಕದ ಅಜ್ಜಿ ಬೈದ್ರು. ನೋಡ್ದೇನೇ ಬಂದಿದ್ದು ಅನ್ನಿ ಒಂಥರ.

ಇನ್ನೊಂದು, ಮೊದಲ ಪೋಸ್ಟಲ್ಲಿ ಪೋಸ್ಟರ್ ನೋಡಿ ಸ್ಮಶಾನದ ಮ್ಯೂಸಿಕ್ ಕಲ್ಪಿಸ್ಕೊಂಡೆ ಅಂದ್ರಲ್ಲ ಅಣ್ಣ, ನೀವು ಕಲ್ಪಿಸ್ಕೊಂಡ ಮ್ಯೂಸಿಕ್ ಅದಾಗ್ಲೇ ಇತ್ತು, ಬ್ಲ್ಯಾಕ್ ಸಬ್ಬತ್ ಅನ್ನೋ ಬ್ಯಾಂಡು, 1970, ಮೊದಲ ಆಲ್ಬಂ ಶುರುವಾಗೋದೇ ಮಳೆ ಗುಡುಗು ಗಂಟೆ ಸದ್ದಿಂದ. ಮುಖಕ್ಕೆ ಬಣ್ಣ ಗಿಣ್ಣ ಏನೂ ಇಲ್ಲ. ಅವ್ರ ಗಿಟಾರಿಸ್ಟ್ ಟೋನಿ ಐಯೋಮಿ ಶೀಟ್ ಮೆಟಲ್ ಫ್ಯಾಕ್ಟರಿಲಿ ಕೆಲ್ಸ ಮಾಡ್ಬೇಕಾದ್ರೆ ಬಲಗೈ ಎರಡು ಬೆರಳ ತುದಿ ಮಷೀನಿಗೆ ಹೋಯ್ತು, ಎಡಚ ಆದ್ದರಿಂದ ತಂತಿ ಒತ್ತೋ ಕೈನೇ ಅದು. ಪ್ಲಾಸ್ಟಿಕ್ ಬಾಟ್ಲಿ ಕರಗಿಸಿ ಟೊಪ್ಪಿ ಮಾಡಿ ಬೆರಳಿಗೆ ಸಿಕ್ಕಿಸ್ಕೊಂಡ, ತೆಳು ತಂತಿ ಹಾಕ್ಕೊಂಡ, ಆಮೇಲೆ ಶ್ರುತೀನೂ ಇಳಿಸ್ದ. ಆ ಭಯಂಕರ ಮಂದ್ರ ಸದ್ದಲ್ಲಿ ಇವೆಲ್ಲ ಸೇರ್ಕೊಂಡಿವೆ. ಅದೇ ಸಬ್ಬತ್ 1983ರಲ್ಲಿ ನಾವೂ ಸೆಟ್ ಹಾಕೋಣ ಅಂತ ಇಂಗ್ಲೆಂಡಿನ ಪುರಾತನ ಸ್ಟೋನ್‌ಹೆಂಜ್ ಕಲ್ಲುಗಳ ಥರದ್ದನ್ನ ಮಾಡಿಸಿದ್ರು, ಎಷ್ಟು ದೊಡ್ಡದಾಗಿ ಬಂತು ಅಂದ್ರೆ ಸ್ಟೇಜ್ ಒಳಗೇ ಹಿಡೀಲಿಲ್ಲ 😂

ಕುಕ್ಕರಹಳ್ಳಿ_ವಾಕರ್, ಮೈಸೂರು

ಎಲ್ರಿಗೂ ಥ್ಯಾಂಕ್ಸ್, ಇಷ್ಟು ಜನ ಬರೀತೀರ ಅಂದ್ಕೊಂಡಿರ್ಲಿಲ್ಲ. ನಿನ್ನೆ ಹುಡುಗ ಮತ್ತೆ ಬಂದಿದ್ದ, ಕಿರುಬೆರಳ ಕಥೆ ಓದಿ ಹೇಳ್ದೆ. ಸುಮ್ನೆ ಕೇಳಿಸ್ಕೊಂಡ. ಆಮೇಲೆ ನಾನು ಒಂದು ಆಟ ಆಡ್ದೆ, ಯಾರದ್ದು ಅಂತ ಹೇಳ್ದೆ ಕಿಸ್‌ನ 'ಬೆತ್' ಹಾಕ್ದೆ. ಪಿಯಾನೋ, ಆರ್ಕೆಸ್ಟ್ರಾ, ಬೆಕ್ಕಿನ ಬಣ್ಣದ ಪೀಟರ್ ಕ್ರಿಸ್ ಮೆತ್ತಗೆ ಹಾಡ್ತಾನೆ. ಚೆನ್ನಾಗಿದೆ ಯಾರ್ ಮಾಮ ಅಂದ. ಕಿಸ್ ಅಂದೆ. ಐದು ಸೆಕೆಂಡ್ ಮುಖ ನೋಡ್ಬೇಕಿತ್ತು. ಅಮೆರಿಕಾದಲ್ಲಿ ಅವ್ರ ಎಲ್ಲ ಹಾಡಿಗಿಂತ ಮೇಲೆ ಹೋಗಿದ್ದು ಇದೇ, 1976ರಲ್ಲಿ ಹಿಟ್ ಹಾಡುಗಳ ಪಟ್ಟೀಲಿ 7ನೇ ಸ್ಥಾನ ಅಂತ ಜಂಬದಿಂದ ಹೇಳ್ದೆ. ಅವ್ನು ಫೋನ್ ತೆಗ್ದು ಏನೋ ಓದಿ, "ಮಾಮ, ಇದ್ರಲ್ಲಿ ಬ್ಯಾಂಡಿನ ಬೇರೆ ಯಾರೂ ಬಾರಿಸೇ ಇಲ್ವಲ್ಲ" ಅಂದ. ತಿರ್ಗಾ ಸೋತೆ.

ಆದ್ರೆ ಹೋಗ್ಬೇಕಾದ್ರೆ 'ಅಲೈವ್!' ಕ್ಯಾಸೆಟ್ ಜೇಬಿಗೆ ಹಾಕ್ಕೊಂಡ್ ಹೋದ, ಫ್ರೇಲಿ ಸೋಲೋ ಕೂತು ಕಲೀತಾನಂತೆ. ಪ್ಲೇಯರೂ ಬೇಕಂತೆ. ಅದ್ರ ಬೆಲ್ಟ್ ಸಡಿಲ ಆಗಿ ಎಲ್ಲ ಹಾಡೂ ಶ್ರುತೀಲಿ ಅರ್ಧ ಮನೆ ಕೆಳಗೆ ಕೇಳ್ಸುತ್ತೆ, ಮೈಸೂರಲ್ಲಿ ಈಗ್ಲೂ ಕ್ಯಾಸೆಟ್ ಪ್ಲೇಯರ್ ರಿಪೇರಿ ಮಾಡೋರು ಯಾರಾದ್ರೂ ಇದ್ದಾರಾ?

ಹಾರ್ಮೋನಿಯಂ_ಮೇಷ್ಟ್ರ_ಮಗ, ಪಾಂಡವಪುರ

ಇಲ್ಲಿಗ್ ತನ್ನಿ ಅಣ್ಣ, ನಮ್ ಸೌಂಡ್ ಸಿಸ್ಟಂ ಹುಡುಗ ಮಾಡ್ಕೊಡ್ತನೆ. ಶನಿವಾರ ಬಂದ್ರೆ ಅಳಿಯನ್ನೂ ಕರ್ಕಂಡ್ ಬನ್ನಿ, ರಾತ್ರಿ ನಾಟಕ ಐತೆ, ಈ ಸಲ ದುರ್ಯೋಧನಂಗೆ ಫಾಗ್ ಮಷೀನ್ ಬೇರೆ ತರಿಸವ್ರೆ, ಹಾರ್ಮೋನಿಯಂಗೆ ನಾನೇ ಕೂರೋದು.